ತಿರುವಿ ಒಣಹಾಕಿದ ಅಂಗಿ

ನಾನು ಅಂಗಿಯನ್ನು ಒಳಮೈ ಹೊರಗೆ ಮಾಡಿಯೇ ಒಣಹಾಕುತ್ತೇನೆ. ಬಿಸಿಲಿಗೆ ಬಣ್ಣ ಹೋಗದಿರಲೆಂಬ ಜಾಣತನವೆಂದು ಎದುರುಮನೆಗೆ ಹೊಸದಾಗಿ ಬಂದವರು ಹೊಗಳುತ್ತಾರೆ. ನನ್ನ ಅಂಗಿಗಳಲ್ಲಿ ಹೋಗಲು ಬಣ್ಣವೇ ಉಳಿದಿಲ್ಲ. ನಿಜವಾದ ಕಾರಣ ನಮ್ಮ ಬೀದಿ ತುದಿಯ ಎರಕದ ಕಾರ್ಖಾನೆ.

ಹೊಳೆನರಸೀಪುರ ಬಿಟ್ಟು ಮೇಷ್ಟ್ರಾಗಿ ಹಾಸನಕ್ಕೆ ಬಂದು, ಹೆಂಡತಿ ಸಾವಿತ್ರಿಯೊಡನೆ ಇಲ್ಲಿ ಸಂಸಾರ ಹೂಡಿದಾಗ ಅದರ ಚಿಮಣಿ ದಿನವಿಡೀ ಹೊಗೆ ಕಾರುತ್ತಿತ್ತು. ಕಬ್ಬಿಣ ಕರಗಿಸಿ ದೋಸೆ ಕಾವಲಿ, ಅಂಗಡಿಯ ತೂಕದ ಬಟ್ಟು, ಪಂಪ್‌ಸೆಟ್ಟಿನ ಭಾಗಗಳನ್ನು ಎರೆಯುತ್ತಿದ್ದರು. ಮಸಿ ಮಾತ್ರ ನಮಗೆ ಪುಕ್ಕಟೆ. ಹಾಗಾಗಿ ಇಡೀ ಬೀದಿ ಬಟ್ಟೆ ತಿರುವಿ ಹಾಕುವುದನ್ನು ಕಲಿಯಿತು. ಮಸಿ ಒಳಮೈಗೆ ಬೀಳಲಿ, ಮಾನ ಹೊರಮೈಯಲ್ಲಿ ಉಳಿಯಲಿ! ಗಾಳಿ ಇತ್ತ ತಿರುಗಿದರೆ ಯಾರಾದರೂ "ಮಸಿ ಬಂತು!" ಎಂದು ಕೂಗುವರು, ಹೆಂಗಸರೆಲ್ಲ ತಂತಿಯತ್ತ ಓಡುವರು. ಆ ಗಡಿಬಿಡಿಯಲ್ಲಿ ಬಟ್ಟೆ ಅದಲುಬದಲಾಗಿ, ನಾನೊಮ್ಮೆ ಪಕ್ಕದ ಮನೆಯ ಪುಟ್ಟಸ್ವಾಮಿಯ ಅಂಗಿ ತೊಟ್ಟು ಪಾಠ ಮಾಡಿ ಬಂದದ್ದೂ ಉಂಟು. ನನ್ನದಕ್ಕಿಂತ ಅದೇ ಚೆನ್ನಾಗಿತ್ತು.

ಪುಟ್ಟಸ್ವಾಮಿ ದುದ್ದದ ಕಡೆಯವನು. ಅದೇ ಕಾರ್ಖಾನೆಯಲ್ಲಿ ಎರಕ ಹೊಯ್ಯುತ್ತಿದ್ದ. ಸಾವಿತ್ರಿ ಅವನೆದುರೇ ಹೊಗೆಗೆ ಶಾಪ ಹಾಕುವಳು. "ಬೈರಿ ಅಕ್ಕಾ, ಬೈರಿ! ಅದು ಉಗುಳ್ತಾ ಇದ್ರೇನೆ ನಮ್ಮನೇಲಿ ಒಲೆ ಉರಿಯಾದು," ಎಂದು ಅವನು ನಗುತ್ತಿದ್ದ.

ಆಮೇಲೆ ಅದೇ ಸಾಮಾನು ಕಡಲಾಚೆಯಿಂದ ಅಗ್ಗವಾಗಿ ಬರತೊಡಗಿತು. ಕಾರ್ಖಾನೆ ಮುಚ್ಚಿತು, ಪುಟ್ಟಸ್ವಾಮಿ ಆಟೋ ಓಡಿಸತೊಡಗಿದ. ಊರಿನ ಗಾಳಿ ಶುದ್ಧವಾಯಿತೆಂದು ನಾವು ಎದೆ ತುಂಬ ಉಸಿರೆಳೆದುಕೊಂಡೆವು. ಇದು, ಒಲೆಯನ್ನು ಯಾರದೋ ಮನೆಗೆ ಸಾಗಿಸಿ, ಊಟವನ್ನು ಅಲ್ಲಿಂದಲೇ ತರಿಸಿಕೊಂಡು, ನಮ್ಮ ಅಡುಗೆಮನೆಯಲ್ಲಿ ಹೊಗೆಯೇ ಇಲ್ಲವೆಂದು ಬೀಗಿದ ಹಾಗೆ. ಸಾವಿತ್ರಿಯ ಬಟ್ಟೆ ಕ್ಲಿಪ್ಪು, ನನ್ನ ನೇಲ್ ಕಟರು ಎಲ್ಲವೂ ಯಾವುದೋ ಊರಿನ ಹೊಗೆಯಲ್ಲಿ ಹುಟ್ಟಿ, ಮೈಗೆ ಚೂರೂ ಮಸಿಯಿಲ್ಲದೆ ಡಬ್ಬದಲ್ಲಿ ಬಂದಿಳಿದವು. ಆದರೆ ಬೀದಿ ಬಿಕೋ ಎನ್ನತೊಡಗಿತು. ಓಡಿಬರಲು ಮಸಿಯೇ ಇಲ್ಲದ ಮೇಲೆ ಹೆಂಗಸರು ಒಟ್ಟಿಗೆ ಹೊರಬರುವುದೂ ನಿಂತಿತು. ಹೊಗೆಯನ್ನು ನೆನೆದು ಕೊರಗುವ ಮೇಷ್ಟ್ರನ್ನು ನೀವು ಬೇರೆಲ್ಲೂ ಕಂಡಿರಲಾರಿರಿ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಾರ್ಖಾನೆಯ ಕಡೆಯಿಂದ ಕಪ್ಪು ಹೊಗೆ ಎದ್ದಿತು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ತರ್ಕಶಾಸ್ತ್ರದ ಹಳೆಯ ಪಾಠ. ನಮ್ಮ ಬೀದಿಯವರು ತರ್ಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಹೊಗೆ ಕಂಡರೆ ಅಲ್ಲಿ ಕೆಲಸವಿದೆ. "ಮಸಿ ಬಂತು!" ಎಂದು ಸಾವಿತ್ರಿ ಕೂಗಿದ ರೀತಿ ಮನೆಗೆ ನೆಂಟರು ಬಂದ ಹಾಗಿತ್ತು. ಪುಟ್ಟಸ್ವಾಮಿ ಟ್ರಂಕಿನ ತಳದಿಂದ ಹಳೆಯ ಖಾಕಿ ಅಂಗಿ ತೆಗೆದು ತೊಟ್ಟ. ಹೊಟ್ಟೆಯ ಬಳಿ ಗುಂಡಿ ಕೂಡಲಿಲ್ಲ. "ಸುರು ಆಯ್ತು ಕಣಕ್ಕಾ! ಓಗ್ಬುಟ್ಟು ಬತ್ತೀನಿ," ಎಂದವನು ಬಾಗಿಲಲ್ಲೇ ನಿಂತಿದ್ದ ಆಟೋ ಮರೆತು ಓಡಿದ.

ಬರುವಾಗ ನಿಧಾನವಾಗಿ ನಡೆದು ಬಂದ.

"ಕುಲುಮೆ ಅಲ್ಲ ಸಾ. ನಮ್ ಕಾರ್ಖಾನೇನ ಗೋಡೌನ್ ಮಾಡವ್ರೆ. ಫಾರಿನ್ ಸಾಮಾನು ಬತ್ತದಲ್ಲ, ಅದ್ರ ಡಬ್ಬ, ಥರ್ಮಾಕೋಲು ಹಿತ್ಲಲ್ಲಿ ಸುಡ್ತಾವ್ರೆ."

ತರ್ಕಶಾಸ್ತ್ರ ಕೈಕೊಟ್ಟಿತ್ತು. ಬೆಂಕಿಯಿತ್ತು, ಕೆಲಸವಿರಲಿಲ್ಲ. ಸಾವಿತ್ರಿ ಕಾಫಿ ತಂದು ಅವನ ಕೈಗಿಟ್ಟಳು. ಒಂದು ಗುಟುಕು ಕುಡಿದು ಅವನು, "ಈಗ ಬೈರಿ ಅಕ್ಕಾ," ಎಂದ.

"ಯಾರನ್ನ ಅಂತ ಬೈಲೋ, ಪುಟ್ಟಸ್ವಾಮಿ?" ಎಂದಳು. ಅವಳ ದನಿ ಒಡೆದಿತ್ತು.

ಕಡಲಾಚೆ ಈ ಹೊತ್ತಿನಲ್ಲಿ ಯಾವಳೋ ಒಬ್ಬಳು ಚಿಮಣಿಗೆ ಶಾಪ ಹಾಕುತ್ತ ತಂತಿಯತ್ತ ಓಡುತ್ತಿರಬೇಕು. ಬಟ್ಟೆ ತಿರುವಿ ಹಾಕಮ್ಮ ಎಂದು ಅವಳಿಗೆ ಹೇಳಿಕಳಿಸಬೇಕೆನಿಸುತ್ತದೆ. ಹೇಗೆ ಕಳಿಸುವುದೋ ತಿಳಿಯದು. ಅಲ್ಲಿಂದ ಇಲ್ಲಿಗೆ ಸಾಮಾನು ಬರುತ್ತದೆಯೇ ಹೊರತು ಇಲ್ಲಿಂದ ಮಾತು ಹೋಗುವುದಿಲ್ಲ.

ಮರುದಿನ ಪುಟ್ಟಸ್ವಾಮಿಯ ತಂತಿಯ ಮೇಲೆ ಆ ಖಾಕಿ ಅಂಗಿ ಒಣಗುತ್ತಿತ್ತು. ತಿರುವಿ ಹಾಕಿರಲಿಲ್ಲ. ಇನ್ನು ಕುಲುಮೆಯ ಮಸಿ ಬರುವುದೇ ಇಲ್ಲವೆಂದು ಅವನು ಖಾತ್ರಿ ಮಾಡಿಕೊಂಡಿದ್ದ. ಅವನ ಆಟೋ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಕಾದಿದ್ದು, ನಾನೇ ಹೋಗಿ ಅದನ್ನು ತಿರುವಿ ಹಾಕಿ ಬಂದೆ.