ಒಂದು ತಿಂಗಳು ತಡವಾದ ಅಮಾವಾಸ್ಯೆ

ನಾಗಪುರದ ಸದರ್ ಬಡಾವಣೆಯ ಕನ್ನಡದ ಮನೆಗಳಲ್ಲಿ ಯಾರಿಗೆ ತಿಥಿ ತಿಳಿಯಬೇಕಾದರೂ ಕಲಾವತಿಬಾಯಿಯವರ ಮೆಟ್ಟಿಲು ಹತ್ತುತ್ತಿದ್ದರು. ಮಾವನ ಶ್ರಾದ್ಧ ಯಾವತ್ತು, ಏಕಾದಶಿ ಇವತ್ತೋ ನಾಳೆಯೋ, ಮಗಳನ್ನು ಕಳಿಸಲು ದಿನ ಚಲೋ ಇದೆಯೋ ಇಲ್ಲವೋ. ಶಾಲೆ ಕಂಡವರಲ್ಲ ಅವರು. ಬಿಜಾಪುರದಲ್ಲಿ ತಂದೆಯ ಪಕ್ಕ ಕೂತು ಪಂಚಾಂಗ ನೋಡಲು ಕಲಿತಿದ್ದರು. ಗೋಡೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗವನ್ನು ಮುಟ್ಟದೆ, ಒಲೆ ಊದುತ್ತಲೇ ಹೇಳಿಬಿಡುತ್ತಿದ್ದರು. ಅದು ತಪ್ಪಿದ್ದನ್ನು ಕಂಡವರಿರಲಿಲ್ಲ.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ವರ್ಷಗಳವು. ಗಂಡ ವ್ಯಾಸರಾಜರಾಯರು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಯುದ್ಧದ ಕಾಲದಲ್ಲಿ ರೈಲ್ವೆಯ ಮನೆ ಸಿಗದೆ, ಮಾರವಾಡದ ಸೇಠರೊಬ್ಬರ ಕಟ್ಟಡದ ಮೇಲಂತಸ್ತನ್ನು ಹನ್ನೆರಡು ವರ್ಷದ ಕರಾರಿನ ಮೇಲೆ ಹಿಡಿದಿದ್ದರು. ಆ ದಿನ ಸೇಠರ ಲೆಕ್ಕ ಬರೆಯುವ ಮುನೀಮ ಕರಾರನ್ನು ಓದಿ ಹೇಳಿದ್ದ: ಅವಧಿ ಕಾರ್ತಿಕ ಅಮಾವಾಸ್ಯೆಗೆ ಮುಗಿಯುತ್ತದೆ, ಅದರೊಳಗೆ ಬಂದು ಕೇಳಿದರೆ ಇನ್ನೊಂದು ಹನ್ನೆರಡು ವರ್ಷ ನಿಮಗೇ, ಕೇಳದಿದ್ದರೆ ಮನೆ ಸೇಠರದು. ರಾಯರು ಹೆಂಡತಿಯ ಕಡೆ ತಿರುಗಿ, "ತಿಥಿ ನೆನಪಿಡೂದು ನಿನ್ನ ಖಾತೆ ನೋಡು" ಎಂದು ನಕ್ಕು ಸಹಿ ಹಾಕಿದ್ದರು.

ಕರಾರಿನ ಹನ್ನೆರಡನೆಯ ವರ್ಷ ಬರುವ ಹೊತ್ತಿಗೆ ಆ ರಾಯರಿಗೆ ಲಕ್ವಾ ಹೊಡೆದು ವರ್ಷವಾಗಿತ್ತು. ಬಲಗಡೆಯ ಕೈಕಾಲು ಹೋದವು, ಮಾತೂ ಹೋಯಿತು. ಉಳಿದದ್ದು ಕಿಟಕಿಯೊಂದೇ. ದೂರದಲ್ಲಿ ಗೂಡ್ಸ್ ಗಾಡಿ ಸಿಳ್ಳು ಹಾಕಿದರೆ ಎಡಗೈ ತಾನಾಗಿ ಮೇಲೇಳುತ್ತಿತ್ತು, ಹಸಿರು ನಿಶಾನೆ ಹಿಡಿದವರಂತೆ. ಮಕ್ಕಳಿಲ್ಲದ ಆ ಮನೆಯಲ್ಲಿ ಕಲಾವತಿಬಾಯಿಯವರು ದಿನವೆಲ್ಲ ಆ ಕೈಗಾಗಿ ಕಾಯುತ್ತಿದ್ದರು.

"ಅಕ್ಕಾ, ದೀಪಾವಳಿಕಿಂತ ಮೊದಲ ಸೇಠನ್ನ ಕಂಡು ಬರೂಣಲ್ಲ?" ಎಂದು ಕೆಳಗಿನ ಮನೆಯ ವಸುಧಾ ಕೇಳಿದ್ದಳು. ಅವಳು ಧಾರವಾಡದ ಹುಡುಗಿ, ಗಂಡ ಬ್ಯಾಂಕಿನಲ್ಲಿ.

"ಹಬ್ಬದ ಗದ್ದಲದಾಗ ಯಾಕ? ಕಾರ್ತಿಕ ಅಮಾವಾಸ್ಯೆ ಇನ್ನೂ ಎಷ್ಟು ದೂರ ಅದ. ತುಳಸಿ ಲಗ್ನ ಮುಗೀಲಿ, ಚಲೋ ದಿನ ನೋಡಿ ಹೋಗೂಣು."

ತುಳಸಿ ಲಗ್ನ ಮುಗಿಯಿತು, ಹುಣ್ಣಿಮೆಯೂ ಕಳೆಯಿತು. ಒಂದು ಗುರುವಾರ ಬೇಸನ್ ಉಂಡಿಯ ಡಬ್ಬಿ ಹಿಡಿದು ಇಬ್ಬರೂ ಸೇಠರ ಅಂಗಡಿಯ ಗಾದಿಗೆ ಹೋದರು.

ಸೇಠರು ಗೌರವದಿಂದಲೇ ಕೂರಿಸಿದರು. ಮಾತು ಕೇಳಿ ಹುಬ್ಬೇರಿಸಿದರು. "ಬಾಯಿಜೀ, ತಡವಾಯಿತಲ್ಲ. ಕಾರ್ತಿಕ ಅಮಾವಾಸ್ಯೆ ಆಗಿಹೋಯಿತು."

ಕಲಾವತಿಬಾಯಿಯವರು ನಕ್ಕುಬಿಟ್ಟರು. ತಮ್ಮ ಹರುಕುಮುರುಕು ಹಿಂದಿಯಲ್ಲಿ, ಮಗುವಿಗೆ ಹೇಳುವಂತೆ ಹೇಳಿದರು: "ಆಗಿದ್ದು ದೀಪಾವಳಿ ಅಮಾವಾಸ್ಯೆ ಸೇಠಜೀ. ಅದು ಆಶ್ವೀಜದ್ದು. ಕಾರ್ತಿಕದ್ದು ಮುಂದೆ ಬರುತ್ತದೆ."

"ನಿಮ್ಮಲ್ಲಿ ಇರಬಹುದು. ನಮ್ಮ ಮಾರವಾಡದಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ. ಶರದ ಹುಣ್ಣಿಮೆಯ ಮರುದಿನವೇ ನಮಗೆ ಕಾರ್ತಿಕ ಹುಟ್ಟಿತು. ಅದರ ಅಮಾವಾಸ್ಯೆಯೇ ದೀಪಾವಳಿ. ಈಗ ನಮಗೆ ಮಾರ್ಗಶೀರ್ಷ."

ಮುನೀಮ ತನ್ನ ಪಂಚಾಂಗವನ್ನು ಮುಂದೆ ಸರಿಸಿದ. ಅದೇ ಚಂದ್ರ, ಅದೇ ತಿಥಿ, ತಿಂಗಳ ಹೆಸರು ಬೇರೆ. ಊರಿನ ಮರಾಠಿಯವರದೂ ಕನ್ನಡದವರದೇ ಲೆಕ್ಕವಾದ್ದರಿಂದ ಇಷ್ಟು ವರ್ಷ ಇದು ಕಲಾವತಿಬಾಯಿಯವರ ಕಿವಿಗೇ ಬಿದ್ದಿರಲಿಲ್ಲ. ಅವರು ಎದ್ದು ನಿಂತು ಸೆರಗೊಡ್ಡಿದರು.

"ಅವರು ಹಾಸಿಗೆ ಬಿಟ್ಟು ಏಳುವುದಿಲ್ಲ ಸೇಠಜೀ. ಆ ಕಿಟಕಿಯೊಂದೇ ಅವರ ಜೀವ. ತಪ್ಪು ನನ್ನದು, ಅವರದಲ್ಲ."

ಸೇಠರು ಕೈ ಜೋಡಿಸಿದರು. "ನೀವು ಬರಲಿಲ್ಲ, ಮನೆ ಬೇಡವೆಂದುಕೊಂಡೆ. ಲಕ್ಷ್ಮೀಪೂಜೆಯಲ್ಲಿ ದೇವರ ಮುಂದೆ ತಂಗಿಯ ಅಳಿಯನಿಗೆ ಮಾತು ಕೊಟ್ಟುಬಿಟ್ಟೆ. ಆ ಮಾತು ಹೇಗೆ ಮುರಿಯಲಿ, ನೀವೇ ಹೇಳಿ. ಮಾಘ ಅಮಾವಾಸ್ಯೆಯ ತನಕ ಇರಿ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ದೇವರ ಮುಂದೆ ಕೊಟ್ಟ ಮಾತು ಮುರಿಯಿರಿ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಬಾಗಿಲ ತನಕ ಹೋದವರು ತಿರುಗಿ ನಿಂತರು. "ಯಾರ ಮಾಘ, ಸೇಠಜೀ? ನಿಮ್ಮದೋ ನಮ್ಮದೋ?"

"ನಿಮ್ಮದೇ ಇರಲಿ," ಎಂದರು ಸೇಠರು ಮೆಲ್ಲಗೆ. ಅಂದರೆ ಶಿವರಾತ್ರಿಯ ಮರುದಿನದ ಅಮಾವಾಸ್ಯೆ. ಒಂದು ತಿಂಗಳು ಹೆಚ್ಚು ಸಿಕ್ಕಂತಾಯಿತು.

ಬೀದಿಗೆ ಬಂದದ್ದೇ ವಸುಧಾ ಸಿಡುಕಿದಳು. "ಮ್ಯಾಲೆ ಉಂಡಿ ಬ್ಯಾರೆ ತಿನ್ನಿಸಿ ಬಂದ್ವಿ ಆ ಮನಶ್ಯಾಗ! ನಮ್ಮವರಿಗೆ ಹೇಳ್ತೀನಿ, ಕೋರ್ಟಿಗೆ ಹಾಕೂಣ."

"ಯಾರ ಮ್ಯಾಲೆ ಹಾಕ್ತೀ ವಸುಧಾ? ಚಂದ್ರನ ಮ್ಯಾಲೆ?"

ಆಮೇಲೆ ಮನೆ ಹುಡುಕಾಟ. ಮಹಾಲ್ ಪೇಟೆಯಲ್ಲಿ ಒಂದು ಕೋಣೆ ಹಿಡಿಸಿತು. ಹಾಸಿಗೆ ಹಿಡಿದವರಿದ್ದಾರೆ ಎಂದದ್ದೇ ಮನೆಯೊಡತಿ ಬಾಗಿಲು ಮುಂದೆ ಮಾಡಿಕೊಂಡಳು. ಇತವಾರಿಯಲ್ಲಿ ಸಿಕ್ಕ ಕೋಣೆಗೆ ಕಿಟಕಿಯೇ ಇರಲಿಲ್ಲ. ಸಂಜೆ ಕಾಲೆಳೆದುಕೊಂಡು ಬಂದರೆ ರಾಯರ ಕಣ್ಣು, ಎಲ್ಲಿ ಹೋಗಿದ್ದೆ ಎಂದು ಕೇಳುತ್ತಿತ್ತು. "ಗುಡಿಗೆ" ಎನ್ನುತ್ತಿದ್ದರು. ಸುಳ್ಳು ಹೇಳಿದ ಬಾಯಲ್ಲೇ ದೇವರ ಮುಂದೆ ಕೂತು, "ನಿನ್ನ ಲೆಕ್ಕದಾಗ ಯಾವ ಕಾರ್ತಿಕ ಖರೇದು, ಹರಿ?" ಎಂದು ಕೇಳುತ್ತಿದ್ದರು. ದೀಪ ಉರಿಯುತ್ತಿತ್ತು, ಅಷ್ಟೇ.

ಪುಷ್ಯ ಮುಗಿದು ಮಾಘವೂ ಬಂತು. ಕೊನೆಗೆ ಇತವಾರಿಯ ಆ ಕೋಣೆಗೇ ಒಪ್ಪಿದರು. ಮರುದಿನ ಬೆಳಿಗ್ಗೆ ವಸುಧಾ ಎಂದಿನಂತೆ ಕೆಳಗಿನಿಂದ ಕೂಗಿದಳು, "ಅಕ್ಕಾ, ಶಿವರಾತ್ರಿ ಯಾವತ್ತು?" ಕೂಗಿದ ಮೇಲೆ, ಅದರ ಮರುದಿನವೇ ಅವರು ಮನೆ ಬಿಡಬೇಕೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಕಲಾವತಿಬಾಯಿಯವರೇ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಪಂಚಾಂಗವಿತ್ತು.

"ಇದು ನಿನ್ನ ಮನ್ಯಾಗ ಇರಲಿ. ನಾವು ಹೋದ ಮ್ಯಾಲೆ ಇಲ್ಲಿ ಮಂದಿಗೆ ಹೇಳೋರು ಯಾರರ ಬೇಕಲ್ಲ."

"ನನಗ ನೋಡ್ಲಿಕ್ಕೆ ಎಲ್ಲಿ ಬರ್ತದ ಅಕ್ಕಾ?"

"ಬರ್ತದ. ಒಂದ ಮಾತು ಲಕ್ಷ್ಯದಾಗ ಇಡು. ತಿಥಿ ಕೇಳಲಿಕ್ಕೆ ಬಂದವರಿಗೆ, ನೀವು ಯಾವ ಕಡಿಯವರು ಅಂತ ಮೊದಲ ಕೇಳು."

ಅಷ್ಟರಲ್ಲಿ ದೂರದಲ್ಲಿ ಗೂಡ್ಸ್ ಗಾಡಿಯ ಸಿಳ್ಳು ಕೇಳಿಸಿತು. ಕಲಾವತಿಬಾಯಿಯವರು ಮಾತು ಅಲ್ಲಿಗೇ ಬಿಟ್ಟು, ಆ ಕೈ ಮೇಲೇಳುವುದನ್ನು ನೋಡಲು ಸೆರಗು ಹಿಡಿದು ಮೆಟ್ಟಿಲು ಹತ್ತಿ ಓಡಿದರು.