ಮನೆಯವರನ್ನು ಕರೆಯುವುದು

ನಿವೃತ್ತಿಯಾಗುವವರೆಗೂ ಯಾವುದು ಸರಿ, ಯಾವುದು ತಪ್ಪು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವನು ನಾನು. ಈಗ ಯಾರಾದರೂ ಅದನ್ನು ಕೇಳಿದರೆ ಮೊದಲು ಅವರ ವಯಸ್ಸು ಕೇಳುತ್ತೇನೆ, ಆಮೇಲೆ ಊರು. ಇದು ಜಾಣತನವಲ್ಲ, ಮನೆಯಲ್ಲೇ ತಿಂದ ಪೆಟ್ಟು.

ನನ್ನ ಮಗಳು ಓದಿದ್ದು ನಂಗವಳ್ಳಿಯಲ್ಲಿ, ಆ ಊರಿಗೆ ಕೊಟ್ಟಿದ್ದ ನನ್ನ ಅಕ್ಕನ ಮನೆಯಲ್ಲಿದ್ದುಕೊಂಡು. ಜಡೆ ಹೆಣೆದು, ಜ್ವರ ಬಂದಾಗ ಪಕ್ಕದಲ್ಲೇ ಮಲಗಿ ಸಾಕಿದವಳು ಆ ಸೋದರತ್ತೆ. ಮದುವೆ ಗೊತ್ತಾದಾಗ ಮಗಳು, "ಅತ್ತೇನ ಕರೆಯೋದು ನಾನು ನೋಡ್ಕೋತೀನಿ" ಅಂದಳು. ನೋಡಿಕೊಂಡಳು ಕೂಡ. ಮೊದಲ ಫೋನು ಅತ್ತೆಗೇ, ಸೀರೆಯ ಬಣ್ಣಕ್ಕೂ ಅತ್ತೆಯದೇ ಒಪ್ಪಿಗೆ. ಆದರೆ ಅಕ್ಕನ ತವರಾದ ನಮ್ಮ ಪೆನ್ನಾಗರಂ ಕಡೆ, ಮದುವೆ ಮಾಡಿ ಕೊಟ್ಟ ಹೆಣ್ಣನ್ನೂ ಮನೆಗೇ ಹೋಗಿ, ಕುಂಕುಮ ಕೊಟ್ಟು, ಎಲೆ ಅಡಿಕೆ ಇಟ್ಟು ಕರೆಯಬೇಕು. ಅದೊಂದು ಆಗಲಿಲ್ಲ, ಅಕ್ಕ ಬರಲಿಲ್ಲ. ಅರಿಶಿನ ಹಚ್ಚುವಾಗ ಅವಳ ಜಾಗದಲ್ಲಿ ದೂರದ ನೆಂಟರೊಬ್ಬರು ನಿಂತರು. ಮಗಳು ಬಾಗಿಲ ಕಡೆಯೇ ನೋಡುತ್ತಿದ್ದಳು.

"ಮನೆಯೋರನ್ನ ಯಾರಾದ್ರೂ ಎಲೆ ಅಡಿಕೆ ಇಟ್ಟು ಕರೀತಾರಾ ಅಪ್ಪಾ?" ಎಂದು ಆಮೇಲೆ ಅತ್ತಳು.

ಅಕ್ಕನನ್ನು ಕೇಳಿದರೆ, "ಕೊಟ್ಟ ಎಣ್ಣು ಕರೀದೆ ಓದ್ರೆ ನಮ್ಮನೇಲಿ ಏನಂತಾರೆ? ಮುರೈ ಅಂತ ಒಂದೈತಲ್ಲಪ್ಪಾ" ಅಂದಳು. ಅವಳ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ; ಮುರೈ ಎಂದರೆ ನಮ್ಮ ಕಡೆ ಪದ್ಧತಿ.

ನಾನು ಇಬ್ಬರಿಗೂ ತಲೆಯಾಡಿಸಿದೆ. ತಪ್ಪನ್ನು ಅಳೆಯುವಾಗ ಸಣ್ಣ ಮಕ್ಕಳು, ಒಡೆದ ಮಡಕೆ ಎಷ್ಟು ದೊಡ್ಡದೆಂದು ನೋಡುತ್ತಾರೆ, ಬೆಳೆದ ಮೇಲೆ ಒಡೆದವರ ಮನಸ್ಸು ನೋಡುತ್ತಾರೆ ಎಂದು ಶಿಕ್ಷಕರ ತರಬೇತಿಯಲ್ಲಿ ಓದಿದ್ದೆ. ಅರವತ್ತು ದಾಟಿದವರು ಏನು ನೋಡುತ್ತಾರೆಂದು ಅಲ್ಲಿ ಯಾರೂ ಹೇಳಿರಲಿಲ್ಲ.

ಮೊಮ್ಮಗನಿಗೆ ಹೆಸರಿಡುವ ಸಮಯ ಬಂತು. ಮಗಳು ಪಾಠ ಕಲಿತಿದ್ದಳು. ಎಲೆ ಅಡಿಕೆ, ಹಣ್ಣು, ಹೂವು ಎಲ್ಲ ಹೊಂದಿಸಿಕೊಂಡು ಗಂಡನ ಜೊತೆ ನಂಗವಳ್ಳಿಯ ಬಸ್ಸು ಹತ್ತಿದಳು. ನಾನೂ ಹಿಂದೆ ಹೋದೆ. ಮಗಳು ಮುಂದೆ ಹಿಡಿದ ತಟ್ಟೆಯನ್ನು ನೋಡಿ ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಅವಳ ಬ್ಯಾಗು ಸಿದ್ಧವಾಗಿತ್ತು, ಮಗುವಿಗೆ ಹೊಲಿದ ಕುಲಾವಿ ಅದರ ಮೇಲಿತ್ತು. ಕರೆಯಲಿ ಬಿಡಲಿ, ಈ ಸಲ ಹೋಗಿಯೇ ಹೋಗುವುದೆಂದು ತೀರ್ಮಾನಿಸಿದ್ದಳಂತೆ.

"ಒರಗಿನೋಳ್ನ ಕರ್ದಂಗೆ ಕರೆಯಾಕೆ ಬಂದ್ಯಾ ತಾಯಿ?" ಅಂದವಳು ಸೆರಗಿಂದ ಕಣ್ಣೊರೆಸಿಕೊಂಡಳು.

ಅಲ್ಲಿಂದೀಚೆಗೆ ಇಬ್ಬರೂ ಒಬ್ಬರಿಗೊಬ್ಬರು ತಪ್ಪು ಮಾಡಿಲ್ಲ. ಮಗಳು ಮರೆಯದೆ ಕರೆಯುತ್ತಾಳೆ, ಅಕ್ಕ ಕರೆದಾಗ ಬರುತ್ತಾಳೆ. ಒಂದು ಕಾಲದಲ್ಲಿ ಹೇಳದೆ ಕೇಳದೆ ನಮ್ಮ ಅಡಿಗೆಮನೆಗೆ ನುಗ್ಗಿ, ಸಾರಿಗೆ ಉಪ್ಪು ಸಾಲದೆಂದು ಎಲ್ಲರನ್ನೂ ಬಯ್ಯುತ್ತಿದ್ದ ಅಕ್ಕ, ಈಗ ಊಟ ಚೆನ್ನಾಗಿತ್ತು ಎಂದು ಹೇಳಿ ಹೋಗುತ್ತಾಳೆ.