ಹಗೇವಿನೊಳಗಿನ ಗಾಳಿ

ದೆವ್ವ, ಪವಾಡ, ಮೈಮೇಲೆ ಬರುವುದು ಎಂದು ಯಾರಾದರೂ ಮಾತು ಎತ್ತಿದರೆ, ಮೊದಲು ಅವರ ನಾಡಿ ಹಿಡಿದು ನೋಡೋಣ ಎನ್ನುವವರ ಪೈಕಿ ನಾನು. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಹೃದಯ ಪರೀಕ್ಷೆಯ ಟೆಕ್ನಿಷಿಯನ್ ಆಗಿದ್ದೆ. ರೋಗಿಗಳ ಎದೆಗೆ ವೈರು ಅಂಟಿಸಿ, ಓಡುವ ಬೆಲ್ಟಿನ ಮೇಲೆ ನಡೆಸಿ, ಯಂತ್ರ ಕೊಡುವ ಕಾಗದವನ್ನು ಡಾಕ್ಟರಿಗೆ ಮುಟ್ಟಿಸುವುದು ನನ್ನ ಕೆಲಸ. ಆ ಕಾಗದದಲ್ಲಿ ಇಲ್ಲದ್ದು ಮನುಷ್ಯನೊಳಗೂ ಇಲ್ಲ ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೇ ನಂಬಿದ್ದೇನೆ. ಎಂಬತ್ತರ ದಶಕದ ಒಂದು ಭಾನುವಾರದ ಬೆಳಗನ್ನು ಮಾತ್ರ ಆ ನಂಬಿಕೆಯೊಳಗೆ ಎಲ್ಲಿ ಇಡಬೇಕೋ ತಿಳಿಯದೆ ಇಷ್ಟು ವರ್ಷ ಒದ್ದಾಡಿದ್ದೇನೆ.

ನನ್ನ ಅಕ್ಕ ನಾಗಮ್ಮನಿಗೆ ಹುಟ್ಟಿನಿಂದಲೇ ಹೃದಯದಲ್ಲಿ ತೂತು. ತುಟಿ, ಉಗುರು ಸದಾ ನೇರಳೆ ಹಣ್ಣು ತಿಂದವಳ ಹಾಗೆ. ಇಪ್ಪತ್ತು ದಾಟುವುದಿಲ್ಲ ಎಂದಿದ್ದರು. ಆಗ ಅವಳಿಗೆ ಮೂವತ್ತೆರಡು. ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ಕುಕ್ಕರಗಾಲಲ್ಲಿ ಕೂತು ಸುಧಾರಿಸಿಕೊಳ್ಳಬೇಕಿತ್ತು. ಒಮ್ಮೆ ಡಾಕ್ಟರ ಎದುರಿಗೇ ಅವಳನ್ನು ನಮ್ಮ ಬೆಲ್ಟಿನ ಮೇಲೆ ನಡೆಸಿದೆ. ಎರಡೇ ನಿಮಿಷಕ್ಕೆ ಮುಖ ಕಪ್ಪಿಟ್ಟಿತು, ಯಂತ್ರ ನಿಲ್ಲಿಸಿದೆವು.

"ಇವರ ಮೈ ಕಡಿಮೆ ಆಕ್ಸಿಜನ್ನಿಗೆ ಒಗ್ಗಿಬಿಟ್ಟಿದೆ ಕಣ್ರೀ. ರಕ್ತ ಕೂಡ ಮಂದ ಆಗಿದೆ. ಇರೋದು ಮಾಗಡಿ ರೋಡಲ್ಲಾದ್ರೂ ಬದುಕ್ತಿರೋದು ಹಿಮಾಲಯದ ಮೇಲೆ" ಎಂದರು ಡಾಕ್ಟರು. ಆಪರೇಷನ್ನಿಗೆ ಕಾಲ ಮೀರಿದೆ, ಆಯಾಸ ಮಾಡಿಕೊಳ್ಳಬಾರದು ಎಂದೂ ಹೇಳಿದರು. ಅಕ್ಕ ಕೇಳಬೇಕಲ್ಲ! ದಿನಾ ಬೆಳಗ್ಗೆ ಹಳೇ ಬಾವಿಯವರೆಗೆ ನಡೆದು ಬರುತ್ತಿದ್ದಳು. ದಾರಿಯಲ್ಲಿ ಒಂಬತ್ತು ಸಲ ಕೂರುತ್ತಿದ್ದವಳು ಅದನ್ನು ಆರಕ್ಕೆ ಇಳಿಸಿದ್ದಳು. ನಾನು ಗದರಿದರೆ "ಇವತ್ತು ಐದೇ ಸಲ ಕೂತೆ ಕಣೋ" ಎಂದು ನಗುವಳು. ಅವಳ ಹಟ ಕಂಡು ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ನಮ್ಮದು ಮಾಗಡಿ ರೋಡಿಗೆ ಹತ್ತಿದ, ಶ್ರೀಗಂಧದ ಕಾವಲಿನ ಪಕ್ಕದ ಹಳ್ಳಿ. ಹೊಲಗಳೆಲ್ಲ ಲೇಔಟಿಗೆ ಹೋಗಿದ್ದವು; ಚಿಕ್ಕಪ್ಪನ ಮನೆಯ ಮುಂದೆ ಒಂದು ಹಗೇವು ಮಾತ್ರ ಉಳಿದಿತ್ತು. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ವರ್ಷಗಟ್ಟಲೆ ಮುಚ್ಚಿಟ್ಟ ಹಗೇವಿನೊಳಗೆ ಮನುಷ್ಯ ಬದುಕುವ ಗಾಳಿ ಇರುವುದಿಲ್ಲ. ಅದಕ್ಕೇ ಬಾಯಿಗೆ ಮುಚ್ಚಿದ ಚಪ್ಪಡಿ ತೆಗೆದ ದಿನ ಯಾರೂ ಇಳಿಯುವುದಿಲ್ಲ. ಲಾಟೀನು ಇಳಿಬಿಟ್ಟು, ಅದು ತಳದವರೆಗೂ ಉರಿದರೆ ಮಾತ್ರ ಇಳಿಯಬೇಕು.

ಆ ಭಾನುವಾರ ಬೆಳಗ್ಗೆ ಚಪ್ಪಡಿ ತೆಗೆದು ಲಾಟೀನು ಬಿಟ್ಟರೆ ಅರ್ಧ ದಾರಿಯಲ್ಲೇ ಆರಿತು. "ನಾಳೆ ನೋಡೋಣ" ಎಂದರು ಚಿಕ್ಕಪ್ಪ. ಅವರ ಮಗ ರಾಮು ಗರಡಿಮನೆಯಲ್ಲಿ ಪಳಗಿದ ಪೈಲ್ವಾನ, ದಿನಕ್ಕೆ ಐನೂರು ಬಸ್ಕಿ ಹೊಡೆಯುವವನು. "ಎರಡು ನಿಮಿಷ ದಮ್ಮು ಕಟ್ತೀನಿ ಬಿಡಪ್ಪಾ. ರಾಗಿ ಚೆನ್ನಾಗಿದ್ಯಾ ನೋಡ್ಕೊಂಡು ಬರ್ತೀನಿ" ಎಂದವನು, ನಾವು ಬೇಡ ಬೇಡ ಎನ್ನುತ್ತಿದ್ದಂತೆ ಏಣಿ ಇಳಿದೇಬಿಟ್ಟ. ಸ್ವಲ್ಪ ಹೊತ್ತಿಗೆ ದೊಪ್ಪೆಂದು ಬಿದ್ದ ಸದ್ದು. ಕೂಗಿದರೆ ಉತ್ತರವಿಲ್ಲ.

ನಾನು ಇಳಿಯಲು ಹೊರಟೆ. ಚಿಕ್ಕಪ್ಪ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಸ್ವಂತ ಮಗ ಒಳಗಿದ್ದರೂ ಎಳೆದರು. ಆಗಲೇ ನಡಿಗೆ ಮುಗಿಸಿ ಬಂದ ಅಕ್ಕ ಒಂದು ಕ್ಷಣ ನಮ್ಮ ಮುಖ ನೋಡಿ, ಅಲ್ಲೇ ಬಿದ್ದಿದ್ದ ಹಗ್ಗದ ತುದಿ ಕೈಗೆತ್ತಿಕೊಂಡಳು.

"ನೀನು ಇಳಿದ್ರೆ ನೀನೂ ಬೀಳ್ತೀಯ ಕಣೋ. ಗಾಳಿ ಸಾಲದೆ ಇರೋದು ನಂಗೆ ಅಭ್ಯಾಸ."

ತಡೆಯುವಷ್ಟರಲ್ಲಿ ಅವಳ ತಲೆ ಮರೆಯಾಗಿತ್ತು. ಕೆಲಸದ ಚಟ, ನಾನು ಗಡಿಯಾರ ನೋಡಿಕೊಂಡೆ. ಎರಡು ನಿಮಿಷ ಆಯಿತು. ಮೂರಾಯಿತು. ಇಬ್ಬರೂ ಹೋದರು ಎಂದುಕೊಂಡೆ. ನಾಲ್ಕನೆಯ ನಿಮಿಷಕ್ಕೆ ಕೆಳಗಿನಿಂದ "ಎಳೀರಿ!" ಎಂಬ ಕೂಗು ಬಂತು. ಅಕ್ಕ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೂಗುವಷ್ಟು ಉಸಿರು ಅವಳಲ್ಲಿ ಯಾವತ್ತೂ ಇರಲಿಲ್ಲ.

ರಾಮುವಿನ ಕಂಕುಳಿಗೆ ಹಗ್ಗ ಬಿಗಿದಿದ್ದಳು. ಅಕ್ಕಪಕ್ಕದವರೂ ಸೇರಿ ಅವನನ್ನು ಮೇಲೆಳೆದೆವು. ಬಾಯಿಗೆ ಬಾಯಿಟ್ಟು ಊದಿದೆ. ಕೆಮ್ಮಿದ, ವಾಂತಿ ಮಾಡಿಕೊಂಡ, ಕಣ್ಣು ಬಿಟ್ಟ. ಚಿಕ್ಕಪ್ಪ ಅಲ್ಲೇ ಕುಸಿದು ಕೂತು ಅತ್ತರು. ಅಷ್ಟಾದರೂ ಅಕ್ಕ ಬರಲಿಲ್ಲ. ಹೆಸರು ಹಿಡಿದು ಕೂಗಿದೆವು. ಏಳು ನಿಮಿಷ ದಾಟಿದ ಮೇಲೆ ನಿಧಾನವಾಗಿ, ಎಲ್ಲೂ ತಡೆಯದೆ, ಏಣಿ ಹತ್ತಿ ಬಂದು ನೆಟ್ಟಗೆ ನಿಂತಳು.

ಕುಕ್ಕರಗಾಲಲ್ಲಿ ಕೂರಲಿಲ್ಲ. ಏದುಸಿರಿಲ್ಲ. ಕೈ ಹಿಡಿದರೆ ನಾಡಿ ಮಲಗಿ ಎದ್ದವರ ನಾಡಿಯಂತೆ ಸಮವಾಗಿತ್ತು. ಉಗುರುಗಳು ನಸುಗೆಂಪಾಗಿದ್ದವು, ತುಟಿಯೂ. ನಾನು ಹುಟ್ಟಿದಾಗಿನಿಂದ ನೋಡಿದ ಕೈ ಅದು; ಆ ಬಣ್ಣವನ್ನು ಅದರಲ್ಲಿ ಎಂದೂ ಕಂಡಿರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ. ಕೈ ಮುಗಿಯಬೇಕು ಅನಿಸಿತು, ಅಷ್ಟೇ.

ಅಕ್ಕ ನನ್ನನ್ನೇ ನೋಡುತ್ತಾ ಕೇಳಿದಳು: "ನೀವೆಲ್ಲಾ ದಿನಾ ಹೀಗೇನಾ ಕಣೋ ಉಸಿರಾಡೋದು?"

ಅರ್ಧ ಗಂಟೆಯೊಳಗೆ, ಹೊರಗಿನ ಒಳ್ಳೆಯ ಗಾಳಿಯಲ್ಲಿ, ಉಗುರು ಮತ್ತೆ ನೀಲಿಗಟ್ಟಿತು. ನಾನು ಲಾಟೀನು ಹೊತ್ತಿಸಿ ಇನ್ನೊಮ್ಮೆ ಇಳಿಬಿಟ್ಟೆ. ಅದೇ ಜಾಗದಲ್ಲಿ ಆರಿತು.

ಡಾಕ್ಟರಿಗೆ ಎಲ್ಲ ಹೇಳಿದೆ. ಇಂಥವರು ನಮಗಿಂತ ಒಂದಿಷ್ಟು ಹೆಚ್ಚು ತಾಳಬಹುದು, ದಿನಾ ನಡೆದಿದ್ದೂ ನೆರವಾಗಿರಬಹುದು ಎಂದರು. "ಆದ್ರೆ ದೀಪ ಆರೋ ಕಡೆ ಏಳು ನಿಮಿಷ? ಉಗುರು ಕೆಂಪಗೆ? ಗಾಬರೀಲಿ ಏನೋ ನೋಡಿದೀರಿ ಬಿಡಿ" ಎಂದರು. ಇರಬಹುದು. ಗಡಿಯಾರವನ್ನೂ ಕಣ್ಣನ್ನೂ ನಂಬದಿದ್ದರೆ ನನ್ನ ಕಸುಬಿನಲ್ಲಿ ಮತ್ತೇನು ಉಳಿಯುತ್ತದೋ ಗೊತ್ತಿಲ್ಲ.

ಮಾರನೆಯ ದಿನ ರಾಗಿಯ ಆಸೆಯನ್ನೂ ಬಿಟ್ಟು ಚಿಕ್ಕಪ್ಪ ಹಗೇವು ಮುಚ್ಚಲು ಮಣ್ಣು ತರಿಸಿದರು. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಇನ್ನೊಂದೇ ಒಂದು ಸಲ ಇಳಿದು ಬರ್ಲೇನೋ? ಸುಮ್ನೆ ಕೂತಿದ್ದು ಬರ್ತೀನಿ."

ಜೀವಮಾನದಲ್ಲಿ ನನ್ನನ್ನು ಏನೂ ಕೇಳಿದವಳಲ್ಲ. ನಾನು ಆಗದು ಎಂದೆ. ಮೊದಲ ಮಂಕರಿ ಮಣ್ಣನ್ನು ನಾನೇ ಸುರಿದೆ. ಅವಳು ಕೊನೆಯವರೆಗೂ ನಿಂತು ನೋಡಿದಳು, ಜಗಳವಾಡಲಿಲ್ಲ.

ಆಮೇಲೆ ನಾಲ್ಕು ವರ್ಷ ಇದ್ದಳು. ಕೂತು ಎದ್ದು, ಕೂತು ಎದ್ದು, ದಿನಾ ನಡೆದಳು. ಕೊನೆಗೆ ನಮ್ಮ ಆಸ್ಪತ್ರೆಯಲ್ಲೇ ಮಲಗಿದಾಗ ಮೂಗಿಗೆ ಆಕ್ಸಿಜನ್ ಮಾಸ್ಕ್ ಇಟ್ಟವನು ನಾನು. ಎರಡು ಉಸಿರು ಎಳೆದುಕೊಂಡು ಅದನ್ನು ಮೆಲ್ಲಗೆ ಸರಿಸಿದಳು.

"ಇದಲ್ಲ ಕಣೋ" ಎಂದಳು.